ಮರಳದಿಬ್ಬದ ಮೇಲೆ ಮೂವತ್ತಮೂರು ಪೌಂಡ್ ಹವಾ

ಕಾರಿನ ಚಕ್ರದಲ್ಲಿ ಮೂವತ್ತಮೂರು ಪೌಂಡ್ ಹವಾ ಇರಬೇಕು. ಇದು ನನ್ನ ಅಭಿಪ್ರಾಯವಲ್ಲ. ನನ್ನ ಕಾರಿನ ಬಾಗಿಲ ಒಳಮೈಯಲ್ಲೇ ಅಚ್ಚಾಗಿದೆ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಳಿಯ ಮೇಲ್ವಿಚಾರಕನಾಗಿದ್ದ ನಾನು, ನಿವೃತ್ತನಾದ ಮೇಲೂ ದಿನಾ ಬೆಳಿಗ್ಗೆ ಐದೂವರೆಗೆ ನಿಗಡಿಯ ನಮ್ಮ ಮನೆಯಿಂದ ಕೆಳಗಿಳಿದು, ಹವಾ ಅಳೆಯುವ ಗೇಜು ಹಿಡಿದು ನಾಲ್ಕೂ ಚಕ್ರ ಪರೀಕ್ಷಿಸುತ್ತೇನೆ. ಇಂಥವನಿಗೆ ಮಗಳು ವೀಣಾ ಹೇಳಿದ್ದೇನು? ಅರವತ್ತೊಂಬತ್ತಾಯಿತು, ಇನ್ನು ಕಾರು ಓಡಿಸುವುದು ಸಾಕು ಎಂದು! ಕಾರಣ, ಪಾರ್ಕಿಂಗಿನ ಕಂಬಕ್ಕೆ ನಾನು ಒಮ್ಮೆ ಕಾರು ತಾಗಿಸಿದ್ದು. ಕಂಬ ತಪ್ಪು ಜಾಗದಲ್ಲಿದೆ ಎಂದು ಸೊಸೈಟಿಗೆ ನಾನು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ನನ್ನ ಹೆಂಡತಿ ಶಾಂತಾಳಿಗೆ ಮರುಭೂಮಿಯಲ್ಲಿ ಸೂರ್ಯ ಮುಳುಗುವುದನ್ನು ನೋಡುವ ಆಸೆ ಬಹಳ ವರ್ಷಗಳದ್ದು. ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಸಾರಿದೆ. ಊಟದ ಮೇಜಿನ ಮೇಲೆ ಕರಾರಾಯಿತು. ರಾಜಸ್ಥಾನ ಮುಟ್ಟಿ ಮರಳುವವರೆಗೆ ಕಾರು ಓಡಿಸುವುದಕ್ಕೆ ಬೇರೊಬ್ಬರ ಸಹಾಯ ಪಡೆದರೆ ಕೀಲಿ ವೀಣಾಳ ಪಾಲು. ಪಡೆಯದಿದ್ದರೆ ಅವಳು ಈ ಮಾತನ್ನು ಜನ್ಮದಲ್ಲಿ ಎತ್ತಕೂಡದು. ನಾನು ಸಹಿ ಹಾಕಿದೆ, ದಿನಾಂಕ ಸಮೇತ.

ಪ್ರವಾಸಕ್ಕೆ ವೇಳಾಪಟ್ಟಿ ಇತ್ತು. ಅದರ ಪ್ರಕಾರ ಹತ್ತೂಕಾಲಿಗೆ ಚಹಾ. ಅರಾವಳಿಯ ಘಾಟಿನಲ್ಲಿ ಒಂದು ತಿರುವಿನ ನಟ್ಟನಡುವೆ ಹತ್ತೂಕಾಲಾಯಿತು. ನಾನು ಕಾರು ನಿಲ್ಲಿಸಿದೆ. ಹಿಂದೆ ಎರಡು ಲಾರಿ, ಒಂದು ಮದುವೆ ದಿಬ್ಬಣದ ಬಸ್ಸು ನಿಂತವು. ಹಾರ್ನಿನ ಸದ್ದು ಬೆಟ್ಟಕ್ಕೆ ಬಡಿದು ಇಮ್ಮಡಿಯಾಗಿ ಮರಳಿತು. ಶಾಂತಾ ಫ್ಲಾಸ್ಕಿನ ಮುಚ್ಚಳವನ್ನೂ ತೆಗೆಯಲಿಲ್ಲ.

“ಮುಂದ ಹೋಗ್ರಿ. ಮದುಮಗನ ಇಳದು ಬರಾಕತ್ತಾನ.”

ಅಂದು ಚಹಾ ಹನ್ನೊಂದು ನಿಮಿಷ ತಡ. ಮದುಮಗನ ಅವಸರಕ್ಕೆ ನನ್ನ ಶಿಸ್ತು ಬಲಿ!

ಎರಡು ದಿನದ ಮೇಲೆ, ಸಂಜೆ ಸರಿಯಾಗಿ ಐದಕ್ಕೆ, ಮರಳದಿಬ್ಬದ ಬುಡ ಮುಟ್ಟಿದೆವು. ಅಲ್ಲೊಬ್ಬ ಒಂಟೆಯವನು ಕೈ ಅಡ್ಡ ಹಿಡಿದ. ಮರಳಿನ ಮೇಲೆ ಹೋಗಬೇಕಾದರೆ ಚಕ್ರದ ಹವಾ ಅರ್ಧ ಬಿಡಬೇಕು, ಇಲ್ಲವಾದರೆ ಹೂತುಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ನಾನು ಬಾಗಿಲು ತೆರೆದು ಅಚ್ಚಾಗಿದ್ದ ಅಂಕಿ ತೋರಿಸಿದೆ. ಅವನು ಅಂಕಿ ನೋಡಿದ, ನನ್ನನ್ನು ನೋಡಿದ, ಒಂಟೆಯನ್ನು ಪಕ್ಕಕ್ಕೆ ಸರಿಸಿದ.

ನೂರು ಅಡಿ ಮುಂದಕ್ಕೆ ಹೋದೆವು. ಆಮೇಲೆ ಕೆಳಕ್ಕೆ!

ಎಕ್ಸಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಚಕ್ಕುಲಿ ಡಬ್ಬಿಯ ಮುಚ್ಚಳದಿಂದ ಮರಳು ಎತ್ತಿದೆ. ಎತ್ತಿದಷ್ಟೇ ಜಾರಿ ಬಂತು. ಜಮಖಾನೆಯನ್ನು ಚಕ್ರದ ಕೆಳಗಿಟ್ಟು ಗೇರು ಹಾಕಿದೆ. ಚಕ್ರ ಅದನ್ನು ಹಿಂದಕ್ಕೆ ಎಸೆಯಿತು. ಅದು ಹೋಗಿ ಒಂಟೆಯ ಕುತ್ತಿಗೆಯ ಮೇಲೆ ಬಿತ್ತು. ಒಂಟೆಗೆ ಒಪ್ಪುತ್ತಿತ್ತು.

ಒಂಟೆಯವನು ಹಗ್ಗ ತಂದ. ಬೇಡವೆಂದು ಕೈಯಾಡಿಸಿದೆ. ಒಡನೆಯೇ ಒಂದು ವಿಚಾರ ಹೊಳೆಯಿತು.

“ಶಾಂತಾ, ಕರಾರಿನೊಳಗ ಬೇರೊಬ್ಬರು ಅಂದ್ರ ಮನಷ್ಯಾರು. ಒಂಟೆ ಮನಷ್ಯಾ ಅಲ್ಲ.”

“ಒಂಟೆ ತಾನ ಹಗ್ಗ ಕಟ್ಟಕೋತದೇನ್ರಿ?”

ಕಾನೂನಿನ ಈ ಸೂಕ್ಷ್ಮ ನನಗೆ ಹೊಳೆದಿರಲಿಲ್ಲ. ಹವಾ ಬಿಟ್ಟರೇನಾಗುತ್ತದೆ ಎಂದು ಅವಳು ಮೆತ್ತಗೆ ಕೇಳಿದಳು. ಮೂವತ್ತಮೂರು ಅಂದರೆ ಮೂವತ್ತಮೂರು ಎಂದೆ. ಅವಳು ಇಳಿಯುತ್ತಿದ್ದ ಸೂರ್ಯನನ್ನು ನೋಡಿದಳು, ಆಮೇಲೆ ಒಂಟೆಯವನನ್ನು.

“ಹಂಗಾರ ದಿಬ್ಬದ ಆ ಕಡೆ ಗಟ್ಟಿ ನೆಲ ಅದ ಏನು ನೋಡಿ ಬರ್ರಿ. ಹದಿನೈದು ನಿಮಿಷ ಟೈಮ್ ಅದ.”

ನಲವತ್ತು ವರ್ಷದ ಸಂಸಾರದಲ್ಲಿ ಅವಳು ನಿಮಿಷದ ಲೆಕ್ಕದಲ್ಲಿ ಮಾತಾಡಿದ್ದು ಅದೇ ಮೊದಲು. ಸಂತೋಷದಿಂದ ಹೋದೆ. ಗಟ್ಟಿ ನೆಲ ಸಿಗಲಿಲ್ಲ. ಹದಿನೈದನೆಯ ನಿಮಿಷಕ್ಕೆ ಮರಳಿದಾಗ ಅವಳು ಕಾರಿನೊಳಗಿನ ಕಾಲೊರಸುಗಳನ್ನು ಚಕ್ರದ ಕೆಳಗೆ ಹಾಸಿದ್ದಳು. ಭಾರ ಕಡಿಮೆಯಾಗಲಿ ಎಂದು ತಾನು ಹೊರಗೇ ನಿಂತಳು. ನಾನು ಫಸ್ಟ್ ಗೇರು ಹಾಕಿ, ಕುತ್ತಿಗೆ ನೆಟ್ಟಗೆ ಮಾಡಿ, ಕ್ಲಚ್ಚನ್ನು ಕೂಸಿನ ತೊಟ್ಟಿಲು ಬಿಟ್ಟಷ್ಟು ಮೆತ್ತಗೆ ಬಿಟ್ಟೆ. ಹಿಂದಿನ ಕನ್ನಡಿಯಲ್ಲಿ ಬರೀ ಎದ್ದ ಮರಳಿನ ಧೂಳು. ಕಾರು ಬೆಣ್ಣೆಯಿಂದ ಕೂದಲು ಬಂದಂತೆ ಎದ್ದು ಬಂತು!

ಸೂರ್ಯ ಮುಳುಗುವಷ್ಟು ಹೊತ್ತೂ ಶಾಂತಾಳಿಗೆ ನಾನು ಕ್ಲಚ್ಚಿನ ಮಹಿಮೆ ವಿವರಿಸಿದೆ.

ಮರುದಿನ ಬೆಳಿಗ್ಗೆ ಗೇಜು ಹಚ್ಚಿದರೆ ನಾಲ್ಕೂ ಚಕ್ರದಲ್ಲಿ ಹದಿನೆಂಟೇ ಪೌಂಡ್. ಮರುಭೂಮಿಯ ರಾತ್ರಿಯ ಚಳಿಗೆ ಗಾಳಿ ಕುಗ್ಗುತ್ತದೆ ಎಂದು ಅರ್ಧ ತಾಸು ವಿಜ್ಞಾನ ಹೇಳಿದೆ. ಅವಳು “ಹೌದ್ರಿ” ಎಂದಳು. ನನ್ನದೇ ಕಾಲುಪಂಪಿನಿಂದ ಹವಾ ತುಂಬಿ ಹೊರಟೆ.

ಮನೆ ಮುಟ್ಟಿದ ದಿನವೇ ವೀಣಾಳನ್ನು ಕರೆಸಿ ವರದಿ ಒಪ್ಪಿಸಿದೆ. ಬೇರೊಬ್ಬರ ಸಹಾಯ: ಶೂನ್ಯ. ಸಾಕ್ಷಿಗೆ ಫೋಟೋ ತೋರಿಸೆಂದು ಶಾಂತಾಳಿಗೆ ನಾನೇ ಆಜ್ಞೆ ಮಾಡಿದೆ. ಅವಳು ಫೋನು ಕೊಡಲು ಯಾಕೋ ಹಿಂದೆಮುಂದೆ ನೋಡಿದಳು. ನಾನೇ ಕಸಿದು ಮಗಳ ಕೈಗಿತ್ತೆ.

ಮೊದಲ ಫೋಟೋದಲ್ಲಿ ಒಂಟೆಯವನು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಕೈಯಲ್ಲಿ ನನ್ನ ಗೇಜು. ಎರಡನೆಯದರಲ್ಲಿ ನಾನು ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಸ್ಟೇರಿಂಗ್ ಹಿಡಿದಿದ್ದೆ. ಹಿಂದೆ ಒಂಟೆಯವನೂ ಅವನ ಕಡೆಯ ಇನ್ನಿಬ್ಬರು ಗಂಡಸರೂ ಹಲ್ಲು ಕಚ್ಚಿ ಕಾರು ತಳ್ಳುತ್ತಿದ್ದರು. ಜಮಖಾನೆ ಹೊದ್ದ ಒಂಟೆ ಉಸ್ತುವಾರಿ ನೋಡುತ್ತಿತ್ತು.

ವೀಣಾ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು.

“ಸೂರ್ಯಂದು ಮುಂದ ಅದ ನೋಡವ್ವಾ,” ಎಂದಳು ಶಾಂತಾ. “ಭಾಳ ಚಂದ ಬಂದದ.”

ವೀಣಾ ನಗಲಿಲ್ಲ. ಕೈ ಮಾತ್ರ ಚಾಚಿದಳು. “ಕೀಲಿ, ಅಪ್ಪಾ.”

ನಾನು ಸೋಲೊಪ್ಪಿಲ್ಲ. ಕರಾರಿನಲ್ಲಿರುವುದು ‘ಸಹಾಯ ಪಡೆದರೆ’ ಎಂದು. ನಾನು ಪಡೆದಿಲ್ಲ, ಅವರು ಕೊಟ್ಟಿದ್ದಾರೆ. ಕೇಳದೆ ತಳ್ಳಿದರೆ ಅದು ಸಹಾಯವಲ್ಲ, ಹಸ್ತಕ್ಷೇಪ! ಈ ಕುರಿತು ಮೂರು ಪುಟದ ತಕರಾರು ಅರ್ಜಿಯನ್ನು ಮಗಳಿಗೆ ಸಲ್ಲಿಸಿದ್ದೇನೆ. ತೀರ್ಪು ಬರುವವರೆಗೆ ಕೀಲಿ ಅವಳ ಬಳಿ ಇರಲಿ ಎಂದು ಒಪ್ಪಿದ್ದೇನೆಯೇ ಹೊರತು ಕೊಟ್ಟಿಲ್ಲ.

ಕಳೆದ ಭಾನುವಾರ ಬಂಧುಗಳ ಗೃಹಪ್ರವೇಶಕ್ಕೆ ಇಂದಾಪುರಕ್ಕೆ ಸರಕಾರಿ ಬಸ್ಸಿನಲ್ಲಿ ಹೋದೆ. ಹಿರಿಯರಿಗೆ ಅರ್ಧ ಟಿಕೆಟ್. ವಯಸ್ಸಿನ ಪುರಾವೆ ಬೇಕೆಂದು ಡ್ರೈವಿಂಗ್ ಲೈಸೆನ್ಸನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಿದ್ದೆ. ಕಂಡಕ್ಟರು ಅದರತ್ತ ತಿರುಗಲೂ ಇಲ್ಲ. ನನ್ನ ಮುಖ ನೋಡಿದ, ಅರ್ಧ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.