ಮೂರರಲ್ಲಿ ಮೂರನೆಯವನು

ಇಂದ್ರೇಶನ ತಾಪತ್ರಯಕ್ಕೆಲ್ಲ ಮೂಲ ಒಂದು ಪಟ್ಟಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀ ಸ್ಪರ್ಧೆಯಲ್ಲಿ, ಐವತ್ತೈದರಿಂದ ಐವತ್ತೊಂಬತ್ತು ವಯಸ್ಸಿನವರ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟವರ ಪಟ್ಟಿ. ಅದರಲ್ಲಿದ್ದದ್ದು ಮೂರೇ ಹೆಸರು. ಮೂರನೆಯದು ಅವನದು.

ಪದಕಗಳೂ ಮೂರೇ ಅಲ್ಲವೆ? ಬಿದ್ದೋ ಎದ್ದೋ ಒಂದೂವರೆ ಗಂಟೆಯೊಳಗೆ ಕೊನೆಯ ಗೆರೆ ದಾಟಿದರೆ ಕಂಚು ಗ್ಯಾರಂಟಿ. ಈ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಪುಣ್ಯಾತ್ಮ ಅದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿಬಿಟ್ಟ.

ಅಕ್ಕ ಅನುಸೂಯ ಇರುವುದು ಮೆಲ್ಬರ್ನ್‌ನ ವೆರಿಬೀಯಲ್ಲಿ. ಅಲ್ಲಿಯ ಕನ್ನಡ ಕೂಟಕ್ಕೆ ಆಕೆಯೇ ಕಾರ್ಯದರ್ಶಿ. ಆಕೆಯ ಕಿವಿಗೆ ಬಿದ್ದ ಸುದ್ದಿ ಲೋಟದ ಕಾಫಿ ಆರುವುದರೊಳಗೆ ಸಬರ್ಬನ್ನೆಲ್ಲ ಸುತ್ತಿ ಬರುತ್ತದೆ. ಮಾರನೆಯ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಇಂದ್ರೇಶನ ಹಳೆಯ ಮದುವೆ ಫೋಟೋ ಹಾಕಿ, ‘ರಾಷ್ಟ್ರೀಯ ಪದಕ ವಿಜೇತರಿಗೆ ಸನ್ಮಾನ, ಭಾನುವಾರ ಸಂಜೆ ಐದಕ್ಕೆ, ಊಟದ ವ್ಯವಸ್ಥೆ ಇದೆ’ ಎಂದು ಪ್ರಕಟಣೆ ಬಂತು. ಓಟವಿದ್ದದ್ದು ಅದರ ಹಿಂದಿನ ದಿನ, ಶನಿವಾರ.

‘ಇನ್ನೂ ಓಡೇ ಇಲ್ವಲ್ಲಕ್ಕ’ ಎಂದು ಇಂದ್ರೇಶ ಗೋಗರೆದ.

‘ಮೂರೇ ಜನ ಅಂತ ನೀನೇ ಹೇಳಿದ್ಯಲ್ಲೋ. ಸುಮ್ನೆ ಮುಗ್ಸಿ ಬರೋಕೂ ಆಗಲ್ವಾ ನಿಂಗೆ?’ ಎಂದು ಅಕ್ಕ ಫೋನಿಟ್ಟಳು. ಶಾಲು, ಹಾರ, ಪೇಟ ಎಲ್ಲ ಆಗಲೇ ಆರ್ಡರ್ ಆಗಿತ್ತು.

ಇಂದ್ರೇಶನಿಗೆ ಈ ಹುಚ್ಚು ಹತ್ತಿ ನಾಲ್ಕು ವರ್ಷವಾಗಿತ್ತು. ಮನೆ ಸಿಡ್ನಿಯ ಸ್ಕೋಫೀಲ್ಡ್ಸ್, ಕೆಲಸ ಮ್ಯಾಕ್ವೆರಿ ಪಾರ್ಕ್, ಇಡೀ ದಿನ ಕುರ್ಚಿ. ಡಾಕ್ಟರು ಶುಗರ್ ರಿಪೋರ್ಟ್ ನೋಡಿ ಮುಖ ಗಂಟು ಹಾಕಿದ ವಾರವೇ ಆಫೀಸಿನ ಭಾಸ್ಕರ ಅವನನ್ನು ಹಿಮ ತೋರಿಸಲು ಕರೆದುಕೊಂಡು ಹೋದ. ಭಾಸ್ಕರ ಒಂದೇ ಸಲಕ್ಕೆ ಕೈಮುಗಿದು ವಾಪಸಾದ, ಇವನು ಸಿಕ್ಕಿಬಿದ್ದ. ಇದು ಬೆಟ್ಟದ ತುದಿಯಿಂದ ಜುಯ್ಯೆಂದು ಜಾರುವ ಸ್ಕೀ ಅಲ್ಲ. ಕಾಲಿಗೆ ಎರಡು ಸಪೂರ ಪಟ್ಟಿ, ಕೈಗೆ ಎರಡು ಕೋಲು, ಏರು ತಗ್ಗುಗಳಲ್ಲಿ ಅರ್ಧ ನಡಿಗೆ, ಅರ್ಧ ಜಾರುವಿಕೆ. ಸಿಡ್ನಿಯಲ್ಲಿ ಹಿಮವೆಲ್ಲಿಂದ ಬರಬೇಕು? ಚಕ್ರ ಹಾಕಿದ ಸ್ಕೀ ಕಟ್ಟಿಕೊಂಡು ಪ್ರತಿ ಭಾನುವಾರ ಬೆಳಿಗ್ಗೆ ಬಡಾವಣೆಯ ರಸ್ತೆಗಳಲ್ಲಿ ಓಡಾಡುತ್ತಿದ್ದ. ಬೀದಿಯ ಎಲ್ಲ ಮನೆಯ ನಾಯಿಗಳಿಗೂ ಅವನ ಮೇಲೆ ಸಿಟ್ಟು.

ಈಗ ಮಂಡಿಗಳು ಸಾಕು ಎನ್ನುತ್ತಿದ್ದವು. ಅವನಿಗೂ ಸಾಕಾಗಿತ್ತು. ಆದರೆ ನಾಲ್ಕು ವರ್ಷ ಒದ್ದಾಡಿದ್ದಕ್ಕೆ ತೋರಿಸಲು ಏನಾದರೂ ಬೇಡವೆ? ಒಂದು ಪದಕ, ಗೋಡೆಗೆ ಒಂದು ಮೊಳೆ, ಆಮೇಲೆ ಸ್ಕೀಗಳನ್ನು ಗರಾಜಿನ ಮೂಲೆಗೆ ಸೇರಿಸಿ ಭಾನುವಾರ ಒಂಬತ್ತರ ತನಕ ನಿದ್ದೆ. ಅವನು ದೇವರಲ್ಲಿ ಕೇಳಿಕೊಂಡದ್ದು ಇಷ್ಟೇ. ಸ್ಪರ್ಧೆಯ ಅರ್ಜಿಯನ್ನು ಮಗಳು ಇಂಚರಾ ತುಂಬಿದ್ದಳು. ಅಪ್ಪನ ಹುಟ್ಟುಹಬ್ಬ ಅವಳಿಗೆ ಬಾಯಿಪಾಠ. ಏಪ್ರಿಲ್‌ನಲ್ಲಿ ಐವತ್ತೈದರ ಕೇಕ್ ತಂದವಳೂ ಅವಳೇ.

ಶನಿವಾರ ಬೆಳಿಗ್ಗೆ ಬೆಟ್ಟದ ಮೇಲೆ ಇಡೀ ಕುಟುಂಬ ಹಾಜರಿತ್ತು. ಅಕ್ಕ, ಭಾವ ಬಸವಣ್ಣೆಪ್ಪ, ಇಂಚರಾ, ಜೊತೆಗೆ ಅಪ್ಪಾಜಿ ಗುರುಶಾಂತಪ್ಪನವರು. ದಾವಣಗೆರೆ ಕಡೆ ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದ ಅವರು ಈಗ ಮಗಳ ಜೊತೆ ವೆರಿಬೀಯಲ್ಲಿದ್ದಾರೆ. ಮಂಕಿ ಟೋಪಿ ಹಾಕಿಸಿ, ಎರಡು ಕಂಬಳಿ ಹೊದಿಸಿ, ಕೊನೆಯ ಗೆರೆಯ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಅವರನ್ನು ಕೂರಿಸಿದ್ದರು.

ಇಂದ್ರೇಶ ಬಾತ್‌ರೂಮಿಗೆ ಹೋಗಿ ಬರುವುದರೊಳಗೆ ಅಕ್ಕ ಸ್ಕೀಗಳಿಗೆ ಪೂಜೆ ಮುಗಿಸಿದ್ದಳು. ಆಯುಧ ಪೂಜೆಗೆ ಕಾರಿಗೆ ಮಾಡುವಂತೆಯೇ ವಿಭೂತಿ, ಅರಿಸಿನ, ಕುಂಕುಮ, ಮುಂದೆ ಎರಡು ನಿಂಬೆಹಣ್ಣು. ಅರಿಸಿನವನ್ನು ನೀರಿನಲ್ಲಿ ಕಲಸಿ ಧಾರಾಳವಾಗಿ ಬಳಿದಿದ್ದಳು. ಮೇಲ್ಭಾಗಕ್ಕೆ ಬಳಿದಿದ್ದರೆ ಪರವಾಗಿರಲಿಲ್ಲ. ಅಲ್ಲಿ ಬಣ್ಣ ಬಣ್ಣದ ಚಿತ್ರವಿದೆ, ಯಾಕೆ ಹಾಳು ಮಾಡುವುದು ಎಂದು ತಿರುಗಿಸಿ, ಹಿಮಕ್ಕೆ ತಾಗುವ ಕಡೆ ಬಳಿದಿದ್ದಳು. ಹಿಂದಿನ ಸಂಜೆ ಮೂರು ಗಂಟೆ ಕೂತು ಇಂದ್ರೇಶ ಮೇಣ ತಿಕ್ಕಿ ನುಣುಪು ಮಾಡಿದ್ದು ಅದೇ ಜಾಗವನ್ನು.

ಒರೆಸಲು ಸಮಯವಿರಲಿಲ್ಲ. ಹೆಸರು ಕೂಗಿದರು, ನಿಂಬೆಹಣ್ಣು ತುಳಿದು ಹೊರಟ.

ಒಟ್ಟಿಗೇ ಹೊರಟ ಎಲ್ಲ ವಯಸ್ಸಿನವರೂ ಜಾರಿದರು. ಇಂದ್ರೇಶ ನಡೆದ. ಅರಿಸಿನಕ್ಕೆ ಹಿಮ ಅಂಟಿ, ಅದರ ಮೇಲೆ ಮತ್ತಷ್ಟು ಹಿಮ ಅಂಟಿ, ಮೊದಲ ಕಿಲೋಮೀಟರಿನಲ್ಲಿ ಅವನು ಕಾಲಿಗೆ ರೊಟ್ಟಿ ಹಂಚು ಕಟ್ಟಿಕೊಂಡವನಂತೆ ಹೆಜ್ಜೆ ಕಿತ್ತು ಕಿತ್ತು ಇಡುತ್ತಿದ್ದ. ಹಿಂದೆ ತೆಳ್ಳಗೆ ಹಳದಿ ಗೆರೆ. ಅವನ ವಿಭಾಗದ ಇಬ್ಬರೂ ಅಷ್ಟರಲ್ಲಿ ಮರಗಳ ಆಚೆ ಮಾಯವಾಗಿದ್ದರು. ಹೋಗಲಿ ಬಿಡು, ಅವರ ಜೊತೆ ನನಗೇನು ಜಗಳ, ನನ್ನ ಜಗಳ ಗಡಿಯಾರದ ಜೊತೆ ಎಂದುಕೊಂಡ.

ನಾಲ್ಕನೆಯ ಕಿಲೋಮೀಟರಿನ ಇಳಿಜಾರಿನಲ್ಲಿ ಮುಗ್ಗರಿಸಿ, ಅಂಗಾತ ಬಿದ್ದ ಜಿರಳೆಯಂತೆ ಕೈಕಾಲು ಮೇಲೆ ಮಾಡಿ ಬಿದ್ದ. ದಾರಿಯ ಪಕ್ಕದಲ್ಲಿ ಏದುಸಿರು ಬಿಡುತ್ತ ಜೊತೆಯಲ್ಲೇ ಓಡುತ್ತಿದ್ದ ಬಸವಣ್ಣೆಪ್ಪ ಎತ್ತಲು ನುಗ್ಗಿದರು. ಎದುರಿಗಿದ್ದ ಅಧಿಕಾರಿ ಸೀಟಿ ಊದಿದ. ಸ್ಪರ್ಧಿಯನ್ನು ಯಾರಾದರೂ ಮುಟ್ಟಿದರೆ ಅವನು ಸ್ಪರ್ಧೆಯಿಂದ ಔಟ್. ಭಾವನ ಕೈ ಗಾಳಿಯಲ್ಲೇ ನಿಂತಿತು.

‘ಮುಟ್ಬೇಡಿ ಭಾವ, ನಿಮ್ಮ ದಮ್ಮಯ್ಯ ಅಂತೀನಿ’ ಎಂದ ಇಂದ್ರೇಶ ಮಲಗಿದಲ್ಲಿಂದಲೇ.

ಮಲಗಿದಲ್ಲೇ ಹೊರಳಿ, ಮಂಡಿಯೂರಿ, ಕೋಲಿಗೆ ಕೋಲು ತಗುಲಿಸಿ, ಮೂರನೆಯ ಪ್ರಯತ್ನಕ್ಕೆ ಎದ್ದು ನಿಂತ. ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಡಗಾಲು ಹಾಕು, ಬಲಗಾಲು ಹಾಕು ಎಂದು ಹೇಳಿಕೊಡುತ್ತಿದ್ದರು. ಅವರು ಹಿಮ ನೋಡಿದ್ದು ಅವತ್ತೇ ಮೊದಲು.

ಆರನೆಯ ಕಿಲೋಮೀಟರಿನಲ್ಲಿ ಆಹಾರ ಕೊಡುವ ಜಾಗ. ತಮ್ಮವರ ಕೈಗೆ ತಿನ್ನಲು ಕೊಡಬಹುದು ಎಂಬ ನಿಯಮವನ್ನು ಅಕ್ಕ ಚೆನ್ನಾಗಿ ಓದಿಕೊಂಡಿದ್ದಳು. ಉಳಿದವರ ಮನೆಯವರು ಸಣ್ಣ ಲೋಟದಲ್ಲಿ ಜ್ಯೂಸ್ ಹಿಡಿದು ನಿಂತಿದ್ದರೆ ಇವಳು ರವೆ ಉಂಡೆ ಹಿಡಿದಿದ್ದಳು. ಬೇಡ ಎನ್ನಲು ಇಂದ್ರೇಶ ಬಾಯಿ ತೆರೆದದ್ದೇ ತಪ್ಪಾಯಿತು, ಇಡೀ ಉಂಡೆ ಒಳಗೆ ಹೋಯಿತು. ಮುಂದಿನ ಅರ್ಧ ಕಿಲೋಮೀಟರ್ ಉಸಿರಾಡಿದಾಗಲೆಲ್ಲ ಬಾಯಿಂದ ರವೆ ಹಾರಿತು.

ಕೊನೆಯ ಏರಿನಲ್ಲಿ ಮಾತ್ರ ಆಶ್ಚರ್ಯ ಕಾದಿತ್ತು. ಪ್ರತಿ ಸಲ ಏರಿನಲ್ಲಿ ಹಿಂದಕ್ಕೆ ಜಾರುತ್ತಿದ್ದವನು ಈ ಸಲ ಒಂದಿಂಚೂ ಜಾರಲಿಲ್ಲ. ಅರಿಸಿನ ಹಿಡಿದ ಹಿಮ ಕಚ್ಚಿ ನಿಲ್ಲಿಸುತ್ತಿತ್ತು. ಅಕ್ಕನನ್ನು ಬೆಳಿಗ್ಗೆಯಿಂದ ಬೈದುಕೊಂಡಿದ್ದಕ್ಕೆ ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಏರು ಹತ್ತಿದ, ತಿರುವು ತಿರುಗಿದ, ದೊಡ್ಡ ಗಡಿಯಾರ ಕಂಡಿತು. ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡ್ ಎನ್ನುವಾಗ ಗೆರೆ ದಾಟಿ ಅಪ್ಪಾಜಿಯ ಕಾಲ ಬುಡದಲ್ಲೇ ಕುಸಿದ.

ಹಾಗೆ ಬಿದ್ದವನಿಗೆ ಅಳು ಬಂತು. ಸಂತೋಷಕ್ಕೇ ಬಂದ ಅಳು. ನಾಲ್ಕು ವರ್ಷದ ಭಾನುವಾರಗಳು, ನಾಯಿಗಳು, ಮಂಡಿನೋವು, ಎಲ್ಲಕ್ಕೂ ಇವತ್ತು ಒಂದು ಬೆಲೆ ಬಂದಂತಾಯಿತು. ಅಪ್ಪಾಜಿ ಕಂಬಳಿಯಿಂದ ಕೈ ಹೊರತೆಗೆದು ಅವನ ತಲೆ ಸವರಿದರು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಅವರು ಹಾಗೆ ಮಾಡಿರಲಿಲ್ಲ.

ಪದಕ ಕೊಡುವ ಮೇಜಿನ ಹಿಂದೆ ಕಿತ್ತಳೆ ಕೋಟಿನ ಹೆಂಗಸೊಬ್ಬಳಿದ್ದಳು. ನಗುಮುಖದವಳು. ಕಂಚಿನ ಪದಕವನ್ನು ಕೈಯಲ್ಲಿ ಹಿಡಿದುಕೊಂಡೇ, ಬರೀ ಫಾರ್ಮಾಲಿಟಿ, ಫೋಟೋ ಇರುವ ಗುರುತಿನ ಚೀಟಿ ಏನಾದರೂ ತೋರಿಸುತ್ತೀರಾ ಎಂದು ಕೇಳಿದಳು. ಇಂದ್ರೇಶ ಖುಷಿಯಿಂದ ಡ್ರೈವಿಂಗ್ ಲೈಸೆನ್ಸ್ ಕೊಟ್ಟ. ಆಕೆ ಲೈಸೆನ್ಸ್ ನೋಡಿದಳು, ಪಟ್ಟಿ ನೋಡಿದಳು, ಮತ್ತೆ ಲೈಸೆನ್ಸ್ ನೋಡಿದಳು. ಪದಕ ಮೇಜಿನ ಮೇಲೆ ಕೂತಿತು.

ಲೈಸೆನ್ಸಿನಲ್ಲಿ ಹುಟ್ಟಿದ ತಾರೀಖು ಜೂನ್ ಒಂದು. ಆ ಲೆಕ್ಕದಲ್ಲಿ ವಯಸ್ಸು ಐವತ್ಮೂರು.

ಇಂದ್ರೇಶ ನಿಧಾನವಾಗಿ ತಿರುಗಿ ಅಪ್ಪಾಜಿಯ ಕಡೆ ನೋಡಿದ. ಏಳು ತುಂಬಿದ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ, ಮುಂದೆ ಸರ್ಕಾರಿ ನೌಕರಿ ಸಿಕ್ಕರೆ ಎರಡು ವರ್ಷ ಜಾಸ್ತಿ ಸರ್ವೀಸ್ ಸಿಗಲಿ ಎಂದು ಹೆಡ್‌ಮಾಸ್ಟರ್ ಗುರುಶಾಂತಪ್ಪನವರು ತಮ್ಮ ಪೆನ್ನಿನಿಂದಲೇ ಬರೆದ ತಾರೀಖು ಅದು. ಆ ಶಾಲೆಯ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೇ.

ಐವತ್ತರಿಂದ ಐವತ್ನಾಲ್ಕರ ವಿಭಾಗದಲ್ಲಿ ಹದಿಮೂರು ಜನರಿದ್ದರು. ಇವನು ಸೇರಿ ಹದಿನಾಲ್ಕು. ಸಮಯದ ಪ್ರಕಾರ ಇವನು ಹದಿನಾಲ್ಕನೆಯವನು.

ಅನುಸೂಯ ಸುಮ್ಮನಿರುವ ಹೆಂಗಸಲ್ಲ. ಇವನು ಹುಟ್ಟಿದಾಗ ನನಗೆ ಆರು ವರ್ಷ, ತೊಟ್ಟಿಲು ತೂಗಿದವಳೇ ನಾನು, ಇವನ ನಿಜವಾದ ವಯಸ್ಸು ಐವತ್ತೈದು ಎಂದು ಇಂಗ್ಲಿಷಿನಲ್ಲಿ ವಾದಿಸಿದಳು. ಇಂಚರಾ ಕೂಡ ಮುಂದೆ ಬಂದು, ‘ಬಟ್ ವಿ ಹ್ಯಾಡ್ ಎ ಕೇಕ್’ ಎಂದಳು.

ಕಿತ್ತಳೆ ಕೋಟಿನವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಹಾಗಾದರೆ ಈ ಲೈಸೆನ್ಸ್ ತಪ್ಪೇ ಎಂದು ಮೆಲ್ಲಗೆ ವಿಚಾರಿಸಿದಳು. ತಪ್ಪಾಗಿದ್ದರೆ ಒಂದು ಕಾಗದ ಬರೆದುಕೊಡಿ, ಸಂಬಂಧಪಟ್ಟವರಿಗೆ ತಾನೇ ಕಳಿಸುತ್ತೇನೆ ಎಂದಳು.

ಬಸವಣ್ಣೆಪ್ಪ ಹೆಂಡತಿಯ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದರು. ‘ಲೈಸೆನ್ಸ್ ತಪ್ಪು ಅಂದ್ರೆ ಪಾಸ್‌ಪೋರ್ಟ್ ತಪ್ಪು. ಪಾಸ್‌ಪೋರ್ಟ್ ತಪ್ಪು ಅಂದ್ರೆ ಪಿಆರ್ ವೀಸಾ ತಪ್ಪು, ಸಿಟಿಜನ್‌ಶಿಪ್ಪೂ ತಪ್ಪು. ಕಂಚಿಗೆ ಆಸೆಪಟ್ಟು ತಮ್ಮನ್ನ ದಾವಣಗೆರೆಗೆ ಕಳಿಸ್ತೀಯೇನೇ?’

ಎಲ್ಲರೂ ಇಂದ್ರೇಶನ ಮುಖ ನೋಡಿದರು. ಪದಕ ಒಂದು ಗೇಣು ದೂರದಲ್ಲಿತ್ತು. ಅವನು ಅದನ್ನು ಕಣ್ತುಂಬ ನೋಡಿದ. ಲೈಸೆನ್ಸ್ ಸರಿಯಾಗಿದೆ ಮೇಡಂ, ನಾನು ಐವತ್ಮೂರೇ, ಅರ್ಜಿ ತುಂಬುವಾಗ ಮಗಳು ತಪ್ಪು ಮಾಡಿದ್ದಾಳೆ ಎಂದ. ಆಕೆ ಸಮಾಧಾನ ಮಾಡಲು, ನೀವು ಇನ್ನೂ ಚಿಕ್ಕವರೆಂದುಕೊಂಡಿದ್ದೆ ಎಂದಳು. ಪದಕ ಡಬ್ಬಿಗೆ ಹೋಯಿತು.

ಕಾರು ಬೆಟ್ಟ ಇಳಿಯತೊಡಗಿತು. ಇಂದ್ರೇಶ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಪದಕ ಹೋದರೂ ಒಂದು ನೆಮ್ಮದಿ ಇತ್ತು. ಇಲ್ಲಿಗೆ ಇದು ಮುಗಿಯಿತು, ಬರುವ ಭಾನುವಾರದಿಂದ ನಿದ್ದೆ. ಸನ್ಮಾನ ಕ್ಯಾನ್ಸಲ್ ಮಾಡಿಬಿಡಕ್ಕ ಎಂದು ಮೆಲ್ಲಗೆ ಹೇಳಿದ.

ಅಕ್ಕ ಫೋನಿನಿಂದ ತಲೆಯೆತ್ತಲಿಲ್ಲ. ‘ಕ್ಯಾನ್ಸಲ್ ಯಾಕೆ? ಮುಂದಕ್ಕೆ ಹಾಕಿದೀವಿ ಅಂತ ಗ್ರೂಪಲ್ಲಿ ಹಾಕ್ದೆ. ಶಾಲು, ಪೇಟ ಎಲ್ಲ ತೆಗೆದಿಡ್ತೀನಿ. ಅಪ್ಪಾಜಿ ಎಲ್ಲ ಲೆಕ್ಕ ಹಾಕಿ ಹೇಳಿದ್ರು.’

ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆಂದುಕೊಂಡಿದ್ದ ಗುರುಶಾಂತಪ್ಪನವರು ಮಂಕಿ ಟೋಪಿ ಸರಿಸಿ ಮುಂದಕ್ಕೆ ಬಾಗಿದರು.

‘ಬೇಜಾರು ಮಾಡ್ಕೋಬೇಡ ಇಂದ್ರ. ಎರಡು ವರ್ಷ ಪ್ರಾಕ್ಟೀಸ್ ಮಾಡು. ಅಷ್ಟೊತ್ತಿಗೆ ಆ ಇಬ್ರಿಗೂ ವಯಸ್ಸಾಗಿರುತ್ತೆ, ನಿಂಗೆ ಆಗ ತಾನೇ ಐವತ್ತೈದು. ಎರಡು ವರ್ಷ ಜಾಸ್ತಿ ಸರ್ವೀಸ್ ಸಿಗಲಿ ಅಂತಾನೇ ಅವತ್ತು ಹಾಗೆ ಬರೆದಿದ್ದು.’