ವಿವಾದಿತ ಸೋಫಾದ ಮೇಲೆ ವಾದಿ–ಪ್ರತಿವಾದಿಗಳು ಕೂರುವುದನ್ನು ನಿಯಂತ್ರಿಸುವ ಬಗ್ಗೆ

ಕೌಟುಂಬಿಕ ನ್ಯಾಯಾಲಯ, ಆಸ್ತಿ ಹಂಚಿಕೆ ಶಾಖೆ
ಸಂಖ್ಯೆ: ಆಹಂ/ಸೋಫಾ/ಕೂರು/೧೭

ವಿಷಯ: ವಿಚ್ಛೇದನಾನಂತರದ ಹಣಕಾಸು ದಾವೆಗಳಲ್ಲಿ ಅನಗತ್ಯ ಸೌಹಾರ್ದವನ್ನು ತಡೆಗಟ್ಟುವುದು.

ಉಲ್ಲೇಖ: ೧. ವಿವಾದಿತ ವಸ್ತುವನ್ನು ತೀರ್ಪಿನವರೆಗೆ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಈ ಶಾಖೆಯ ಹಿರಿಯ ಗುಮಾಸ್ತರು ಮಹಾ ಜಂಭದಿಂದ ಹೊರಡಿಸಿದ್ದ ಸುತ್ತೋಲೆ.
೨. ಅದೇ ಗುಮಾಸ್ತರ ಸ್ವಂತ ದಾವೆ.
೩. ದಫೇದಾರರ ಮೌಖಿಕ ದೂರು: "ಇಬ್ರೂ ಏಳೋದೇ ಇಲ್ಲ ಸ್ವಾಮಿ, ನಾನು ಕಸ ಹೊಡೆಯೋದು ಯಾವಾಗ?"

ಸದರಿ ಗುಮಾಸ್ತರು (ವಾದಿ) ಹಾಗೂ ನರ್ಸ್ ಆಗಿರುವ ಅವರ ಮಾಜಿ ಪತ್ನಿ (ಪ್ರತಿವಾದಿ) ಮನೆ, ಠೇವಣಿ, ಪಾತ್ರೆಪಗಡೆಗಳನ್ನು ತಕರಾರಿಲ್ಲದೆ ಹಂಚಿಕೊಂಡು, ಮೂರು ಜನ ಕೂರುವ ಹಳೇ ಸೋಫಾವೊಂದರ ಬಳಿ ಬಂದು ಮುಗ್ಗರಿಸಿರುತ್ತಾರೆ. ವಕೀಲರ ಶುಲ್ಕವು ಸೋಫಾದ ಬೆಲೆಯನ್ನು ಎಂದೋ ದಾಟಿದೆ. ಗುಮಾಸ್ತರು ತಮ್ಮದೇ ನಿಯಮದಂತೆ ಅದನ್ನು ಹೊರಿಸಿಕೊಂಡು ಬಂದಿದ್ದು, ದಾಸ್ತಾನು ಕೋಣೆಯ ಬಾಗಿಲಲ್ಲಿ ಹಿಡಿಸದ ಕಾರಣ, ಮೊಗಸಾಲೆಯ ಬೆಂಚು ತೆಗೆಸಿ ಅಲ್ಲಿ ಇರಿಸಲಾಗಿದೆ. ಪರಿಣಾಮವಾಗಿ, ಕರೆ ಬರುವ ತನಕ ಇಬ್ಬರೂ ಅದರ ಮೇಲೆಯೇ ಕೂರುವಂತಾಗಿದೆ. ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ವಾದಿ ಎಡತುದಿಯಲ್ಲಿ, ಪ್ರತಿವಾದಿ ಬಲತುದಿಯಲ್ಲಿ ಕೂರತಕ್ಕದ್ದು. ನಡುವಿನ ಜಾಗ ನ್ಯಾಯಾಲಯದ ಸ್ವತ್ತು. ಅಲ್ಲಿ ಕಡತ ಇಡಬಹುದು, ಊಟದ ಡಬ್ಬಿ ಇಡುವಂತಿಲ್ಲ.

೨. ದಾವೆ ಮುಗಿಯುವವರೆಗೆ ಕನಿಷ್ಠ ವೈಷಮ್ಯ ಕಾಪಾಡತಕ್ಕದ್ದು. ನಗು ಬಂದಲ್ಲಿ ಕೆಮ್ಮಿ ಮರೆಸುವುದು. ವಾದಿಯು ಪ್ರತಿವಾದಿಗೆ ಕಿತ್ತಳೆ ಸುಲಿದು, ಬೀಜ ತೆಗೆದು ಕೊಡುವುದು ದಾವೆಯ ಘನತೆಗೆ ಕುಂದು.

೩. ರಾತ್ರಿಪಾಳಿ ಮುಗಿಸಿ ಬಂದ ಪ್ರತಿವಾದಿ ತೂಕಡಿಸಿ ವಾದಿಯ ಹೆಗಲಿಗೆ ಒರಗಿದಲ್ಲಿ, ಅದನ್ನು ಹೆಗಲಿನ ಸ್ವಾಧೀನಾನುಭವವೆಂದು ಪರಿಗಣಿಸಲಾಗುವುದಿಲ್ಲ. ಕಳೆದ ವಾಯಿದೆಯಂದು ಹೀಗಾದಾಗ ವಾದಿಯು ಉಸಿರು ಬಿಗಿಹಿಡಿದು ಕೂತಿದ್ದು, ತಮ್ಮ ಹೆಸರು ಕೂಗಿದರೂ ಏಳದಿದ್ದುದು ಅಕ್ಷಮ್ಯ.

೪. ವಾದಿಯು ಹಲ್ಲುನೋವು, ಕಡತ ನಾಪತ್ತೆ ಹಾಗೂ ಚಿಕ್ಕಪ್ಪನ ಮರಣದ (ಒಬ್ಬರೇ ಚಿಕ್ಕಪ್ಪ, ಎರಡು ಸಲ) ನೆಪದಲ್ಲಿ ಮುಂದೂಡಿಕೆ ಪಡೆದಿರುತ್ತಾರೆ. ಕಡತ ಅವರದೇ ಮೇಜಿನೊಳಗಿತ್ತೆಂದು ಶಾಖೆಗೆಲ್ಲ ಗೊತ್ತು. ವಿವರಣೆ ಕೇಳಲಾಗಿ, ಮುಖ ಹುಳ್ಳಗೆ ಮಾಡಿಕೊಂಡು, "ತೀರ್ಪಾದ್ರೆ ಅವಳು ಇನ್ಯಾಕೆ ಬರ್ತಾಳೆ?" ಎಂದಿರುತ್ತಾರೆ. ಇದು ಮುಂದೂಡಿಕೆಗೆ ಸೂಕ್ತ ಕಾರಣವಲ್ಲ.

೫. ಈ ಸುತ್ತೋಲೆಯ ಕರಡನ್ನು ಸದರಿ ಗುಮಾಸ್ತರೇ ಬರೆಯುತ್ತಿರುವುದರಿಂದ, ಅವರು ತಮಗೆ ತಾವೇ ನೋಟಿಸು ಕೊಟ್ಟು, ತಾವೇ ಪಡೆದು, ತಾವೇ ನಾಚಿಕೊಳ್ಳತಕ್ಕದ್ದು.

೬. ಕರಡು ಬೆರಳಚ್ಚಿನಲ್ಲಿರುವಾಗಲೇ ಪ್ರತಿವಾದಿಯು ಹಾಜರಾಗಿ ಹೇಳಿಕೆ ನೀಡಿರುತ್ತಾರೆ: "ಸೋಫಾ ನೀವೇ ಇಟ್ಕೊಳ್ಳಿ. ನನಗೆ ದೂರದೂರಿಗೆ ವರ್ಗ ಆಗಿದೆ, ಇನ್ನು ಬರೋಕಾಗಲ್ಲ. ಮೈ ಕಡೆ ಜೋಪಾನ." ಆದ್ದರಿಂದ ವಾದಿಯು ದಾವೆಯನ್ನು ಸಂಪೂರ್ಣವಾಗಿ ಗೆದ್ದಿರುವುದಾಗಿ ಘೋಷಿಸಲಾಗಿದೆ. ಗೆದ್ದವರು ಮೊಗಸಾಲೆಯಲ್ಲಿ ಕಣ್ಣೊರೆಸಿಕೊಳ್ಳುವುದು ಕಚೇರಿ ಶಿಸ್ತಿಗೆ ವಿರುದ್ಧ.

ಸಹಿ/-
ಹಿರಿಯ ಗುಮಾಸ್ತ ಹಾಗೂ ವಾದಿ

ಪ್ರತಿಗಳು:
೧. ನ್ಯಾಯಾಧೀಶರ ಆಪ್ತ ಸಹಾಯಕರಿಗೆ: ನಗದೆ ಮಂಡಿಸುವ ಕೋರಿಕೆಯೊಂದಿಗೆ.
೨. ಇಬ್ಬರ ವಕೀಲರಿಗೆ: ಅವರ ನಷ್ಟಕ್ಕೆ ಸಂತಾಪಗಳೊಂದಿಗೆ.
೩. ಮಾಜಿ ಪತ್ನಿಯವರಿಗೆ: ಮಾಹಿತಿಗಾಗಿ. ಉತ್ತರದ ಅಗತ್ಯವಿಲ್ಲ. ಬಂದಲ್ಲಿ ರಜಾ ದಿನಗಳಲ್ಲೂ ಸ್ವೀಕರಿಸಲಾಗುವುದು.