ಲಂಡನ್ ಸಾಹೇಬರೂ ಕೂಟದ ಆಲ್ಬಮ್ಮೂ

ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟ ಯಾವ ಕೆಲಸಕ್ಕೆ ಕೈಹಾಕಿದರೂ ಅದು ನೆಟ್ಟಗೆ ಮುಗಿದದ್ದಿಲ್ಲ. ಆದ್ದರಿಂದ ನನ್ನ ನಗುವಿಗೆ ಬರ ಬಂದದ್ದೂ ಇಲ್ಲ. ಪ್ರಿನ್ಸ್‌ಟನ್ ಹತ್ತಿರದ ಒಂದು ಸ್ಟುಡಿಯೋದಲ್ಲಿ ವೈರು ಎಳೆಯುವುದು ನನ್ನ ಕೆಲಸ. ಊರಿಗೆ ಫೋನ್ ಮಾಡಿದಾಗ ಅದನ್ನೇ ಸೌಂಡ್ ಇಂಜಿನಿಯರ್ ಎನ್ನುತ್ತೇನೆ. ನನ್ನ ಧಣಿ ಲಂಡನ್ನಿನ ಹೆಸರಾಂತ ರೆಕಾರ್ಡ್ ಪ್ರೊಡ್ಯೂಸರ್. ಗಾಯಕರಿಗೆ ಟೀ ತಂದುಕೊಡುತ್ತ ಶುರುಮಾಡಿ, ಅದೇ ಗಾಯಕರು ಹೇಗೆ ಹಾಡಬೇಕೆಂದು ಹೇಳುವ ಮಟ್ಟಕ್ಕೆ ಏರಿದವರು. ಅರ್ಧ ಪ್ರಪಂಚ ಅವರು ಮಾಡಿಸಿದ ಹಾಡುಗಳಿಗೆ ಕುಣಿದಿದೆ. ಅಂಥವರು ಕೂಟದ ಆಲ್ಬಮ್ ಮಾಡಿಕೊಡಲು ಒಪ್ಪಿದ್ದು ನಾನು ಆಗಾಗ ಒಯ್ಯುತ್ತಿದ್ದ ಮಸಾಲೆ ದೋಸೆಯ ದಾಕ್ಷಿಣ್ಯಕ್ಕೆ.

ಮಾಡೋದೇನು?

ಮೊದಲ ಭೇಟಿ ಮಾನ್ಮತ್ ಜಂಕ್ಷನ್ನಿನಲ್ಲಿ, ಕೂಟದ ಅಧ್ಯಕ್ಷರ ಮನೆಯಲ್ಲಿ. ಅಧ್ಯಕ್ಷರು ಐಟಿಯವರು, ಮೈಸೂರು ಕಡೆಯವರು. ಸಾಹೇಬರ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಲೇ ಇಂಗ್ಲಿಷಿನಲ್ಲಿ ವಿಚಾರಣೆ ಶುರುಮಾಡಿದರು.

"ನೀವು ಯಾವ ವಾದ್ಯ ನುಡಿಸ್ತೀರಿ?"

"ಯಾವುದೂ ಇಲ್ಲ."

"ಹಾಡ್ತೀರಾ?"

"ದೇವರು ಕಾಪಾಡಲಿ."

"ಮತ್ತೆ ಮಾಡೋದೇನು?"

"ಬೇರೆಯವರು ಮಾಡ್ತಾರೆ. ಚೆನ್ನಾಗಿಲ್ಲ, ಇನ್ನೊಮ್ಮೆ ಮಾಡಿ ಅಂತೀನಿ."

ಅಧ್ಯಕ್ಷರ ಮುಖ ಅರಳಿತು. ನನ್ನ ಕಡೆ ತಿರುಗಿ, "ಮೊದಲೇ ಹೇಳಬಾರದೇನ್ರೀ? ಪ್ರಾಜೆಕ್ಟ್ ಮ್ಯಾನೇಜರು!" ಎಂದರು.

ಗೋಡೆ ನೋಡಿದವರು

ಮುಂದಿನ ವಾರ ಸಮಿತಿಯವರೆಲ್ಲ ಸ್ಟುಡಿಯೋಗೆ ಬಂದರು. ಗೋಡೆಯ ತುಂಬ ಸಾಹೇಬರಿಗೆ ಪ್ರಶಸ್ತಿಯಾಗಿ ಬಂದ ಚಿನ್ನದ ಬಣ್ಣದ ರೆಕಾರ್ಡುಗಳು. ನಮ್ಮವರು ಅವನ್ನು ಗಡಿಯಾರ ನೋಡಿದ ಹಾಗೆ ನೋಡಿ ಮುಂದೆ ಹೋದರು. ಯಾರಿಗೂ ರೋಮಾಂಚನವಾಗಲಿಲ್ಲ. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಗ ಖಜಾಂಚಿಗಳು ಸಾಹೇಬರನ್ನು ಮೆಲ್ಲಗೆ ಕೇಳಿದರು: "ಈ ದೇಶಕ್ಕೆ ಯಾವ ವೀಸಾದಲ್ಲಿ ಬಂದ್ರಿ? ಗ್ರೀನ್ ಕಾರ್ಡ್ ಹೇಗಾಯ್ತು?"

"ಅಸಾಧಾರಣ ಪ್ರತಿಭೆ ಅಂತ ಏನೋ ಒಂದು ಕೆಟಗರಿ ಇದೆಯಲ್ಲ, ಅದರಲ್ಲಿ ಬೇಗ ಕೊಟ್ಟುಬಿಟ್ಟರು."

"ಇಬಿ-ಒನ್ನಾ?!"

ಸೋಫಾದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲು ನರೆತ ಒಬ್ಬರು ಸಾಹೇಬರ ಕೈ ಹಿಡಿದು ಬಿಡಲೇ ಇಲ್ಲ. ಸಾಹೇಬರು ನನ್ನ ಕಿವಿಯಲ್ಲಿ, "ಕೊನೆಗೂ ನನ್ನ ಹಾಡು ಯಾವುದೋ ಇವರಿಗೆ ನೆನಪಾಯ್ತು ಅಂತ ಕಾಣುತ್ತೆ" ಎಂದರು.

ಮೊದಲ ಹಾಡು ಯಾರದು?

ಕೂಟದ ಗುಂಪಿನಲ್ಲಿ ಧಾರವಾಡದ ಒಬ್ಬ ಆಂಟಿ. ಬಂದಾಗಿನಿಂದ ಹಿಂದಿನ ಸಾಲಿನಲ್ಲೇ ನಿಂತು ಕೋರಸ್ ಹಾಡಿದವರು. ಮುಂದೆ ನಿಂತು ಹಾಡುವುದು ಯಾವಾಗಲೂ ಅಧ್ಯಕ್ಷರ ಶ್ರೀಮತಿ. "ಒಂದs ಒಂದು ಹಾಡು ಒಬ್ಬಾಕಿನ ಹಾಡಬೇಕಂತ ಆಸೆ ನೋಡ್ರಿ" ಎಂದು ಆಂಟಿ ನನ್ನ ಹತ್ತಿರ ಹೇಳಿಕೊಂಡಿದ್ದರು. ಸಾಹೇಬರಿಗೆ ಹೇಳಿ ಅವರಿಗೂ ಒಂದು ಹಾಡು ಕೊಡಿಸಿದೆ.

ಆದರೆ ಮೈಕಿನ ಮುಂದೆ ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದ್ದೇ ತಡ, ಆಂಟಿಯ ಗಂಟಲು ಕಟ್ಟಿಹೋಯಿತು. ಅಧ್ಯಕ್ಷರ ಶ್ರೀಮತಿಗೆ ಅಂಥ ತೊಂದರೆ ಇರಲಿಲ್ಲ, ಶ್ರುತಿಯ ಹಂಗೂ ಇರಲಿಲ್ಲ. ಸಾಹೇಬರು "ಇನ್ನೊಮ್ಮೆ" ಎಂದಷ್ಟೂ ಸಲ ಅವರು ಖುಷಿಯಿಂದ ಹಾಡಿದರು, ಒನ್ಸ್ ಮೋರ್ ಎಂದು ತಿಳಿದು.

ಅಡುಗೆಮನೆಯ ಮೈಕು

ಊಟವಿಲ್ಲದೆ ನಮ್ಮವರು ಎಲ್ಲಿಗೂ ಹೋಗುವುದಿಲ್ಲ. ರೆಕಾರ್ಡಿಂಗಿನ ಬಿಡುವಿನಲ್ಲಿ ಆಂಟಿ ಸ್ಟುಡಿಯೋದ ಅಡುಗೆಮನೆಯಲ್ಲೇ ಉಪ್ಪಿಟ್ಟು ಕೆದಕುತ್ತ, ಅಜ್ಜಿಯಿಂದ ಕಲಿತ ಬೀಸುವ ಪದವೊಂದನ್ನು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು. ಸಾಹೇಬರು ಬಾಗಿಲ ಹೊರಗೆ ನಿಂತುಬಿಟ್ಟರು. ಮೈಕು ತಾ ಎಂದು ಕೈಸನ್ನೆ ಮಾಡಿದರು. ತಂದಿಟ್ಟೆ.

ಮುಗಿದ ಮೇಲೆ ಕೇಳಿಸಿದರು. "ಇದು ನಾನೇನ್ರಿ?" ಎಂದು ಆಂಟಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹಾಡಿನ ನಡುವೆ, ಆಗ ಅಡುಗೆಮನೆಗೆ ಇಣುಕಿದ್ದ ಅವರ ಯಜಮಾನರ, ಅಂದರೆ ನಮ್ಮೆಲ್ಲರ ಅಂಕಲ್ ಅವರ ದನಿ ಬಂತು: "ಏನs, ಉಪ್ಪಿಟ್ಟಿಗೆ ಉಪ್ಪು ಹಾಕೀಯೇನ?"

"ಅಯ್ಯ, ಇದನ್ನ ತಗದುಬಿಡ್ರಿ!" ಎಂದರು ಆಂಟಿ. ಸಾಹೇಬರು ನನ್ನಿಂದ ಅರ್ಥ ಕೇಳಿ ತಿಳಿದುಕೊಂಡರು. "ಅದಿಲ್ಲದಿದ್ದರೆ ಹಾಡು ಸಪ್ಪೆ. ಇದೇ ಮೊದಲ ಹಾಡು" ಎಂದರು. ಅಧ್ಯಕ್ಷರ ಶ್ರೀಮತಿಯ ಮುಖ ಗಂಟಾಯಿತು. ಅಧ್ಯಕ್ಷರು ಮಾತ್ರ, "ಇಬಿ-ಒನ್ ಹೇಳಿದ ಮೇಲೆ ಅಪೀಲ್ ಇಲ್ಲ ಕಣೇ" ಎಂದು ಸಮಾಧಾನ ಮಾಡಿದರು.

ಕಲಾವಿದರ ಆಗಮನ

ಬಿಡುಗಡೆಗೆ ಮೊದಲೇ ಹಾಡು ಎಲ್ಲರ ವಾಟ್ಸಾಪಿನಲ್ಲಿ ಓಡಾಡಿತ್ತು. ಬ್ರಿಡ್ಜ್‌ವಾಟರ್‌ನ ಸಭಾಂಗಣ ಬಿಡುಗಡೆಯ ದಿನ ತುಂಬಿತ್ತು. ಆಂಟಿ ಇಳಕಲ್ ಸೀರೆ ಉಟ್ಟು ಒಬ್ಬರೇ ವೇದಿಕೆ ಹತ್ತಿದರು. ಇಲ್ಲಿಯೂ ಗಂಟಲು ಕಟ್ಟಿದರೆ ಮತ್ತೆ ಹಿಂದಿನ ಸಾಲೇ ಗತಿ. ಮೊದಲ ನುಡಿ ಹೇಗೋ ದಾಟಿತು. ಅಷ್ಟರಲ್ಲಿ ಜನ ಕೂಗತೊಡಗಿದರು: "ಉಪ್ಪು! ಉಪ್ಪು! ಅಂಕಲ್ ಬರಲಿ!"

ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. ಎದ್ದು ಹೋಗಿ ಅಂಕಲ್‌ರನ್ನು ಕೈಹಿಡಿದು ವೇದಿಕೆಗೆ ಎಳೆತಂದರು, ಶಾಲು ಹೊದಿಸಿದರು. "ನಮ್ಮ ಆಲ್ಬಮ್ಮಿನ ಮುಖ್ಯ ಕಲಾವಿದರು!" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಹಾಡು ನಿಂತೇಹೋಯಿತು. ಆಂಟಿ ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡು ನನಗೆ ಅಧ್ಯಕ್ಷರ ಮೈಕಿನ ವೈರನ್ನೇ ಕಿತ್ತುಹಾಕುವಷ್ಟು ಸಿಟ್ಟು ಬಂತು.

ಅಂಕಲ್ ಶಾಲು ಸರಿಮಾಡಿಕೊಂಡರು. ನೀರು ತರಿಸಿ ಕುಡಿದರು. ಕೆಮ್ಮಿದರು. ಕಣ್ಣುಮುಚ್ಚಿ ಒಂದು ಕೈ ಕಿವಿಗಿಟ್ಟು, ಹಾರ್ಮೋನಿಯಂನವರ ಕಡೆ ವಾಲಿ, "ಸ್ವಲ್ಪ ಶ್ರುತಿ ಏರಿಸ್ರಿ" ಎಂದರು.

ಆಂಟಿ ಮುಂದೆ ಬಂದು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. ದನಿ ಒಂದಿಷ್ಟೂ ನಡುಗಲಿಲ್ಲ. ಅದೇ ಬೀಸುವ ಪದದ ಧಾಟಿಯಲ್ಲಿ, ತಾಳ ತಪ್ಪದೆ ಹಾಡಿದರು:

"ಹಾಕೇನಿ, ಕೆಳಗ ಹೋಗಿ ಕುಂದರ್ರಿ!"